ಮನೆತನದ ವೈನರಿಗೆ ಮೊದಲ ಸಲ: ನಾಲಿಗೆ ಕೆಡಿಸಿಕೊಳ್ಳದೆ ರುಚಿ ನೋಡುವ ಕ್ರಮ

ಸೋಲಾಪುರ, ಅಕ್ಕಲಕೋಟ, ಜತ್ತ ಕಡೆಯ ನಮ್ಮ ಜನಕ್ಕೆ ದ್ರಾಕ್ಷಿ ಹೊಸದಲ್ಲ. ಪ್ರತಿ ಊರಲ್ಲೂ ದ್ರಾಕ್ಷಿ ತೋಟ ಮಾಡಿದವರು ಸಿಗುತ್ತಾರೆ. ಆದರೂ ವೈನರಿ ನೋಡಿ ಬಂದವರನ್ನು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಎಲ್ಲಾ ಒಂದೇ ಥರ ಹುಳಿ ಇತ್ತು, ಸಂಜೆಗೆ ತಲೆನೋವು ಬಂತು." ಮಧ್ಯಾಹ್ನ ಖಾರದ ಊಟ ಮುಗಿಸಿ, ಬಿಸಿಲಲ್ಲಿ ತೋಟ ಸುತ್ತಿ, ಮೊದಲು ಸಿಹಿ ವೈನ್ ಕೇಳಿ, ಕೊಟ್ಟಿದ್ದನ್ನೆಲ್ಲ ನುಂಗಿದರೆ ಇನ್ನೇನಾಗುತ್ತೆ? ರುಚಿ ನೋಡೋಕೆ ಇರೋದು ಒಂದೇ ನಾಲಿಗೆ. ಅದು ದಣಿದರೆ ಆ ದಿನದ ಮಟ್ಟಿಗೆ ಎಲ್ಲ ಮುಗೀತು. ಅದಕ್ಕೇ ಇಲ್ಲಿ ಯಾವುದರ ನಂತರ ಯಾವುದು ಅನ್ನೋದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಜೊತೆಗೆ ಒಯ್ಯಬೇಕಾದ ಸಾಮಾನು

ಜನ್ಮದಿನಾಂಕ ಇರುವ ಗುರುತಿನ ಚೀಟಿ, ಎಲ್ಲರದ್ದೂ. ಕುಡಿಯೋ ನೀರು, ತಲಾ ಒಂದು ಲೀಟರಿಗೆ ಕಡಿಮೆ ಬೇಡ. ಖಾರ ಹಚ್ಚದ ಜೋಳದ ಕಡಕ್ ರೊಟ್ಟಿ ಅಥವಾ ಸಾದಾ ಬ್ರೆಡ್. ಒಂದು ಸಣ್ಣ ನೋಟ್‌ಬುಕ್, ಪೆನ್ನು, ಮತ್ತು ಏನೂ ಬರೆಯದ ಬಿಳಿ ಹಾಳೆ. ಹಾಳೆಯ ಕೆಲಸ ಮುಂದೆ ಬರುತ್ತೆ.

ಕಾಲಿಗೆ ಬೂಟು ಹಾಕಿಕೊಳ್ಳಿ. ಎರೆ ಮಣ್ಣಿನ ತೋಟದಲ್ಲಿ ಮಳೆ ಬಿದ್ದಿದ್ದರೆ, ಇಲ್ಲಾ ಹನಿ ನೀರಾವರಿ ಆಗಷ್ಟೇ ಬಿಟ್ಟಿದ್ದರೆ, ಚಪ್ಪಲಿ ಅಲ್ಲೇ ಉಳಿಯುತ್ತೆ. ವಯಸ್ಸಾದವರಿಗೆ ಒಂದು ಶಾಲು ಇರಲಿ, ಪೀಪಾಯಿ ಇಡುವ ಕೋಣೆ ತಣ್ಣಗಿರುತ್ತೆ. ಬಾಟಲಿ ತರುವ ಮನಸ್ಸಿದ್ದರೆ ಥರ್ಮಾಕೋಲ್ ಪೆಟ್ಟಿಗೆ ಮತ್ತು ಐಸ್ ಪ್ಯಾಕ್ ಬೇಕೇ ಬೇಕು.

ಹಂತ 1: ಎಲ್ಲಿಗೆ, ಯಾವಾಗ ಅನ್ನೋದು ಗೊತ್ತು ಮಾಡಿ

ನಮ್ಮ ದೇಶದಲ್ಲಿ ಮನೆತನದ ಹಳೆಯ ವೈನರಿ ಅಂದರೆ ಹೆಚ್ಚಾಗಿ ಎರಡು-ಮೂರು ದಶಕದ್ದು. ನೂರಾರು ವರ್ಷದ ನೆಲಮಾಳಿಗೆ ಹುಡುಕಿಕೊಂಡು ಹೋಗಬೇಡಿ. ಸೋಲಾಪುರ ಜಿಲ್ಲೆಯಲ್ಲೇ ಅಕಲೂಜ ಹತ್ತಿರ ಫ್ರಾಟೆಲಿ ಇದೆ. ಇಟಲಿಯ ಸೆಕ್ಕಿ, ದಿಲ್ಲಿಯ ಸೇಖ್ರಿ, ಅಕಲೂಜದ ಮೋಹಿತೆ-ಪಾಟೀಲ್, ಹೀಗೆ ಮೂರು ಮನೆತನದ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ಸೋಲಾಪುರದಿಂದ ಪಂಢರಾಪುರದ ಮೇಲೆ ಹೋದರೆ ಸುಮಾರು 110 ಕಿ.ಮೀ. ವಿಜಯಪುರದಿಂದ ಬರುವವರು ಇದಕ್ಕೆ ಇನ್ನೊಂದು ನೂರು ಕಿ.ಮೀ. ಸೇರಿಸಿಕೊಳ್ಳಿ, ಹಿಂದಿನ ರಾತ್ರಿಯೇ ಸೋಲಾಪುರಕ್ಕೆ ಬಂದು ಉಳಿಯಿರಿ. ನಾಸಿಕ್‌ನಲ್ಲಿ ವೈನರಿಗಳು ಜಾಸ್ತಿ, ಆದರೆ ಅದು ಎರಡು-ಮೂರು ದಿನದ ಪ್ರವಾಸ. ಮೊದಲ ಸಲಕ್ಕೆ ಹತ್ತಿರದ್ದೇ ಸಾಕು.

ದಿನ ಆರಿಸೋವಾಗ ದ್ರಾಕ್ಷಿಯ ಲೆಕ್ಕವೇ ಲೆಕ್ಕ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸೋದು, ನಿಮಗೆ ಗೊತ್ತಿದ್ದದ್ದೇ. ವೈನ್ ದ್ರಾಕ್ಷಿಗೂ ನಮ್ಮ ಕಡೆ ಅದೇ ಪದ್ಧತಿ. ಹಣ್ಣು ಕೊಯ್ಯೋದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ತನಕ. ಫೆಬ್ರವರಿಯಲ್ಲಿ ಹೋದರೆ ಗೊನೆಯೂ ಕಾಣುತ್ತೆ, ಟ್ಯಾಂಕಿನಲ್ಲಿ ರಸ ಹುಳಿಯೋದೂ ಕಾಣುತ್ತೆ. ಮಳೆಗಾಲದಲ್ಲಿ ಬರೀ ಎಲೆ. ಅಕ್ಟೋಬರಿನಲ್ಲಿ ಚಾಟ್ನಿ ಆದ ವಾರ ಹೋದರೆ ಬೋಳು ಕಡ್ಡಿ ನೋಡಿ ಬರಬೇಕಾಗುತ್ತೆ. ಏಪ್ರಿಲ್, ಮೇ ಬೇಡವೇ ಬೇಡ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಯಾರ ನಾಲಿಗೆಯೂ ಕೆಲಸ ಮಾಡೋದಿಲ್ಲ.

ಇನ್ನೊಂದು ಎಚ್ಚರಿಕೆ. ಆಷಾಢ ಏಕಾದಶಿಗೆ ಮುಂಚಿನ ದಿನಗಳಲ್ಲಿ ಈ ಕಡೆ ಗಾಡಿ ತರಬೇಡಿ. ತುಕಾರಾಮ ಮಹಾರಾಜರ ಪಾಲ್ಕಿ ಅಕಲೂಜದಲ್ಲೇ ತಂಗುತ್ತೆ, ರಸ್ತೆ ತುಂಬ ದಿಂಡಿಗಳು, ಅಂದರೆ ಪಂಢರಾಪುರಕ್ಕೆ ನಡೆದು ಹೋಗುವ ಭಕ್ತರ ಗುಂಪುಗಳು. ವಾರಕರಿಗಳು ನಡೆಯೋ ಹೊತ್ತಲ್ಲಿ ವೈನ್ ರುಚಿಗೆ ಹೋಗೋದು ಚೆಂದವೂ ಅಲ್ಲ. ಆಷಾಢ ಏಕಾದಶಿ, ಅಕ್ಟೋಬರ್ 2, ಚುನಾವಣೆಯ ಮತದಾನ ಮುಗಿಯೋಕೆ ಮುಂಚಿನ 48 ಗಂಟೆ, ಇಂಥ ದಿನಗಳಲ್ಲಿ ಮದ್ಯ ಬಂದ್ ಇರುತ್ತೆ. ದಿನ ಗೊತ್ತು ಮಾಡೋಕೆ ಮುಂಚೆ ಪಂಚಾಂಗ ಒಮ್ಮೆ ತಿರುವಿ.

ಹಂತ 2: ಫೋನ್ ಮಾಡಿ, ಹೆಸರು ಬರೆಸಿ

ಹೇಳದೆ ಕೇಳದೆ ಗೇಟಿಗೆ ಹೋಗಿ ನಿಲ್ಲೋದೇ ದೊಡ್ಡ ತಪ್ಪು. ವೈನರಿ ಅಂದರೆ ಕಾರ್ಖಾನೆ. ಸುಗ್ಗಿಯಲ್ಲಿ ಅಲ್ಲಿ ಯಾರಿಗೂ ಪುರುಸೊತ್ತು ಇರೋದಿಲ್ಲ. ಫೋನಿನಲ್ಲಿ ಇಷ್ಟು ಕೇಳಿ: ಬೆಳಿಗ್ಗೆ ಮೊದಲ ಗುಂಪು ಎಷ್ಟು ಗಂಟೆಗೆ, ಎಷ್ಟು ವೈನ್ ಕೊಡುತ್ತಾರೆ, ತೋಟ ಮತ್ತು ಟ್ಯಾಂಕ್ ಎರಡೂ ತೋರಿಸುತ್ತಾರಾ, ಮಕ್ಕಳನ್ನು ಬಿಡುತ್ತಾರಾ, ಊಟ ಅಲ್ಲೇ ಸಿಗುತ್ತಾ.

21 ತುಂಬದವರಿಗೆ ರುಚಿ ನೋಡೋಕೆ ಸಿಗೋದಿಲ್ಲ. ಕಾಲೇಜು ಹುಡುಗರನ್ನು ಕರೆದುಕೊಂಡು ಹೋಗೋರು ಇದನ್ನು ಮನೆಯಲ್ಲೇ ಹೇಳಿಬಿಡಿ, ಅಲ್ಲಿ ಹೋಗಿ ಮುಖ ಸಣ್ಣ ಮಾಡಿಕೊಳ್ಳೋದು ಬೇಡ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಈಗಲೂ ಇದೆ, ಮದ್ಯಕ್ಕೆ ಪರ್ಮಿಟ್ ಅನ್ನೋ ಪದ್ಧತಿ ಅದರಿಂದಲೇ ಬಂದದ್ದು. ಪರ್ಮಿಟ್ ಬೇಕಾ, ಒಂದು ದಿನದ್ದು ಅಲ್ಲೇ ಕೊಡುತ್ತಾರಾ ಅಂತ ಅದೇ ಫೋನಿನಲ್ಲಿ ಕೇಳಿ ಮುಗಿಸಿ.

ಅಲ್ಲಿಯ ಮಾತು ಮರಾಠಿ, ಹಿಂದಿ, ಇಂಗ್ಲಿಷ್. ಗಡಿ ದಾಟಿ ಬರುವವರು ಎರಡು ವಾಕ್ಯ ಕಲಿತರೆ ಸಾಕು. "ಥೋಡೀಚ್ ಓತಾ" ಅಂದರೆ ಸ್ವಲ್ಪವೇ ಹಾಕಿ. "ಥುಂಕಾಯ್ಲಾ ಭಾಂಡಂ ಆಹೇ ಕಾ?" ಅಂದರೆ ಉಗುಳೋಕೆ ಪಾತ್ರೆ ಇದೆಯಾ. ಎರಡನೆಯದನ್ನು ಕೇಳೋಕೆ ನಾಚಿಕೆ ಬೇಡ. ಅದು ಆ ಕಸುಬಿನವರ ರೂಢಿಯೇ.

ಹಂತ 3: ಬೆಳಿಗ್ಗೆಯಿಂದ ನಾಲಿಗೆ ಕಾಯಿರಿ

ಇದನ್ನು ಯಾರೂ ಮಾಡೋದಿಲ್ಲ, ಅದಕ್ಕೇ ಬಹಳ ಜನ ಇಲ್ಲೇ ಸೋಲುತ್ತಾರೆ.

ಎಲೆ-ಅಡಿಕೆ, ತಂಬಾಕು, ಗುಟ್ಕಾ ಆ ದಿನ ಬೆಳಿಗ್ಗೆಯಿಂದಲೇ ಬಂದ್. ಸುಣ್ಣ, ಅಡಿಕೆ ತಾಗಿದ ನಾಲಿಗೆಗೆ ಕೆಂಪು ವೈನಿನ ಒಗರು ಯಾವುದು, ಅಡಿಕೆಯ ಒಗರು ಯಾವುದು ಅಂತ ಗೊತ್ತಾಗೋದಿಲ್ಲ. ಪುದೀನಾ ಗೋಲಿ, ಸೋಂಪು ಕೂಡ ಬೇಡ. ಅತ್ತರ್, ಸೆಂಟ್ ಹಚ್ಚಿಕೊಳ್ಳಬೇಡಿ. ನಿಮಗಷ್ಟೇ ಅಲ್ಲ, ಪಕ್ಕದವರಿಗೂ ವೈನಿನ ವಾಸನೆ ಸಿಗೋದಿಲ್ಲ. ಮುಡಿ ತುಂಬ ಮಲ್ಲಿಗೆ ಮುಡಿದುಕೊಂಡರೂ ಇದೇ ತೊಂದರೆ.

ತಿಂಡಿ ತಿನ್ನದೆ ಹೋಗಬೇಡಿ. ಖಾಲಿ ಹೊಟ್ಟೆಗೆ ವೈನ್ ಬೇಗ ಏರುತ್ತೆ. ಉಪ್ಪಿಟ್ಟು, ಅವಲಕ್ಕಿ, ರೊಟ್ಟಿ-ಮೊಸರು, ಯಾವುದಾದರೂ ಆಗಬಹುದು, ಹಸಿಮೆಣಸಿನಕಾಯಿ ಬದಿಗಿಡಿ. ಶೇಂಗಾ ಹಿಂಡಿ ಇಲ್ಲದೆ ನಮ್ಮ ಕಡೆ ರೊಟ್ಟಿ ಇಳಿಯೋದಿಲ್ಲ ನಿಜ, ಆದರೆ ಅದನ್ನು ರುಚಿ ನೋಡಿ ಮುಗಿದ ಮೇಲಿಗೆ ಇಟ್ಟುಕೊಳ್ಳಿ. ಖಾರ ಇದ್ದ ನಾಲಿಗೆಗೆ ಆಲ್ಕೋಹಾಲು ಇನ್ನಷ್ಟು ಉರಿಯುತ್ತೆ, ಒಗರು ಇನ್ನಷ್ಟು ಕಚ್ಚುತ್ತೆ.

ಮಾತ್ರೆ ತೆಗೆದುಕೊಳ್ಳುವವರು, ಮುಖ್ಯವಾಗಿ ಸಕ್ಕರೆ ಕಾಯಿಲೆ ಇರುವವರು, ಮೊದಲೇ ಡಾಕ್ಟರನ್ನು ಕೇಳಿ. ಬಸುರಿಯರು, ಮಗುವಿಗೆ ಹಾಲೂಡಿಸುವವರು ತೋಟ ನೋಡಲಿ, ವೈನ್ ಬೇಡ.

ಹಂತ 4: ಮೊದಲು ತೋಟ, ಬಿಸಿಲು ಏರುವ ಮುಂಚೆ

ಒಂಬತ್ತು, ಒಂಬತ್ತೂವರೆಗೆ ತೋಟದಲ್ಲಿ ಇರೋ ಹಾಗೆ ಹೊರಡಿ. ತೋಟ, ಆಮೇಲೆ ಟ್ಯಾಂಕ್, ಹನ್ನೊಂದರ ಸುಮಾರಿಗೆ ರುಚಿ, ಆಮೇಲೆ ಊಟ. ಈ ಸಾಲು ತಿರುವುಮುರುವು ಮಾಡಬೇಡಿ.

ದ್ರಾಕ್ಷಿ ಬೆಳೆಯೋರಿಗೆ ಇಲ್ಲಿ ನೋಡೋಕೆ ಬಹಳ ಇದೆ. ಬಳ್ಳಿ ಹಬ್ಬಿಸುವ ಮಂಡಪ, ವೈ ಪದ್ಧತಿ ನೋಡಿದ ಕಣ್ಣಿಗೆ ಇಲ್ಲಿಯ ಸಾಲುಗಳು ಬೇರೆ ಕಾಣುತ್ತವೆ: ಬಳ್ಳಿಯನ್ನು ತಂತಿಗೆ ನೆಟ್ಟಗೆ ಮೇಲಕ್ಕೆ ಕಟ್ಟಿರುತ್ತಾರೆ, ಗೊನೆ ಕೆಳಗೆ ಒಂದೇ ಮಟ್ಟದಲ್ಲಿ ಇರುತ್ತೆ. ಕಾಯಿ ಸಣ್ಣದು, ಬಟಾಣಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನಮ್ಮ ಕಾಕಾ ಒಬ್ಬರು, ಜತ್ತ ಕಡೆ ಮಣುಕು (ಒಣದ್ರಾಕ್ಷಿ) ಮಾಡುವವರು, ಗೊನೆ ನೋಡಿದ ಕೂಡಲೇ "ಜಿಎ ಕೊಟ್ಟಿಲ್ಲೇನು?" ಅಂದಿದ್ದರು, ಜಿಎ ಅಂದರೆ ಕಾಯಿ ಉಬ್ಬಿಸೋ ಜಿಬ್ಬರೆಲಿಕ್ ಆಸಿಡ್. ಕೊಡೋದಿಲ್ಲ. ಕಾಯಿ ಉಬ್ಬಿದರೆ ರಸ ಜಾಸ್ತಿಯಾಗಿ ಸಿಪ್ಪೆಯ ಪಾಲು ಕಡಿಮೆಯಾಗುತ್ತೆ, ಕೆಂಪು ವೈನಿಗೆ ಬಣ್ಣ, ಒಗರು, ಪರಿಮಳ ಬರೋದೇ ಸಿಪ್ಪೆಯಿಂದ. ಸೋನಾಕಾ, ಮಾಣಿಕ ಚಮನ್‌ನಂಥ ತಿನ್ನೋ ದ್ರಾಕ್ಷಿ ತೂಗುವ ಹಾಗೆ ಇಲ್ಲಿ ತೂಗೋ ಹಾಗಿಲ್ಲ, ಎಕರೆಗೆ ಟನ್ ಬೇಕಂತಲೇ ಕಡಿಮೆ ಇಡುತ್ತಾರೆ.

ಒಂದು ಕಾಯಿ ತಿಂದು ನೋಡಬೇಕು ಅನಿಸುತ್ತೆ. ಕೇಳದೆ ಕೀಳಬೇಡಿ. ಡೌನಿ (ಎಲೆ, ಗೊನೆಗೆ ಬರುವ ಬೂಷ್ಟು) ರೋಗಕ್ಕೆ, ಬೂದಿ ರೋಗಕ್ಕೆ ಔಷಧ ಹೊಡೆದು ಎಷ್ಟು ದಿನ ಆಗಿದೆ ಅನ್ನೋದು ಅಲ್ಲಿಯವರಿಗೇ ಗೊತ್ತು. ಅವರೇ ಕೊಟ್ಟರೆ ಹೀಗೆ ತಿನ್ನಿ: ತಿರುಳು ಮೊದಲು, ಸಿಪ್ಪೆ ಬೇರೆಯಾಗಿ ಅಗಿಯಿರಿ, ಬೀಜ ಕಡಿದು ನೋಡಿ. ತಿರುಳು ಬಹಳ ಸಿಹಿ, ಸಿಪ್ಪೆ ಮತ್ತು ಬೀಜ ಒಗರು. ಕೊಯ್ಲಿಗೆ ಬಂದ ವೈನ್ ದ್ರಾಕ್ಷಿಯ ಬ್ರಿಕ್ಸ್, ಅಂದರೆ ರಸದ ಸಿಹಿಯ ಅಳತೆ, 22ರಿಂದ 24ರ ಆಸುಪಾಸು ಇರುತ್ತೆ. ಈ ಸಿಹಿ ಮುಂದೆ ಎಲ್ಲಿಗೆ ಹೋಯಿತು ಅನ್ನೋದು ಟ್ಯಾಂಕ್ ಹತ್ತಿರ ತಿಳಿಯುತ್ತೆ.

ಹಂತ 5: ಟ್ಯಾಂಕಿನ ಹತ್ತಿರ ಹುಷಾರು

ಈಸ್ಟ್ ರಸದಲ್ಲಿರೋ ಸಕ್ಕರೆ ತಿಂದು ಆಲ್ಕೋಹಾಲು ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಸಕ್ಕರೆ ಪೂರ್ತಿ ಮುಗಿದರೆ ಡ್ರೈ ವೈನ್. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ, ಕೆಂಪಿಗೆ ಸಿಪ್ಪೆ ಸಮೇತ ಹುಳಿಸುತ್ತಾರೆ. ಇಷ್ಟು ತಲೆಯಲ್ಲಿದ್ದರೆ ಗೈಡ್ ಹೇಳೋದೆಲ್ಲ ಸಲೀಸಾಗಿ ತಿಳಿಯುತ್ತೆ.

ಸುಗ್ಗಿ ಹೊತ್ತಿನಲ್ಲಿ ತೆರೆದ ಟ್ಯಾಂಕಿನೊಳಗೆ ಬಗ್ಗಿ ವಾಸನೆ ನೋಡಬೇಡಿ. ಆ ಅನಿಲ ಗಾಳಿಗಿಂತ ಭಾರ, ರಸದ ಮೇಲೆ, ನೆಲದ ಹತ್ತಿರ, ತಗ್ಗಿನಲ್ಲಿ ತುಂಬಿಕೊಳ್ಳುತ್ತೆ. ಬಣ್ಣ ಇಲ್ಲ, ಕಣ್ಣಿಗೆ ಕಾಣೋದಿಲ್ಲ. ವೈನರಿಗಳಲ್ಲಿ ಇದರಿಂದ ಜೀವ ಹೋಗಿರೋದೂ ಇದೆ. ಮಕ್ಕಳ ಕೈ ಬಿಡಬೇಡಿ, ತಗ್ಗಿಗೆ ಇಳಿಯೋಕೆ ಬಿಡಬೇಡಿ. ತಲೆ ಸುತ್ತು, ಏದುಸಿರು, ಮೂಗಲ್ಲಿ ಚುರುಚುರು ಅನಿಸಿದರೆ ಮಾತಾಡುತ್ತಾ ನಿಲ್ಲಬೇಡಿ, ಕೂಡಲೇ ಹೊರಗೆ ಬನ್ನಿ.

ಹಂತ 6: ಗ್ಲಾಸುಗಳ ಸಾಲು

ಹಗುರದಿಂದ ಗಾಢಕ್ಕೆ, ಡ್ರೈನಿಂದ ಸಿಹಿಗೆ. ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ಮೊದಲು. ಆಮೇಲೆ ಬಿಳಿ (ಇಲ್ಲಿ ಬರೋ ಹೆಸರುಗಳು ದ್ರಾಕ್ಷಿ ತಳಿಯವು): ಸೊವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್, ಆಮೇಲೆ ಶಾರ್ಡೊನೆ. ನಂತರ ಗುಲಾಬಿ ಬಣ್ಣದ ರೋಸೆ. ನಂತರ ಕೆಂಪು: ಸಾಂಜಿಯೋವೇಸೆ, ಮೆರ್ಲೋ ಮುಂಚೆ, ಶಿರಾಜ್, ಕ್ಯಾಬರ್ನೆ ಸೊವಿನ್ಯೋ ಆಮೇಲೆ. ಓಕ್ ಪೀಪಾಯಿಯಲ್ಲಿ ಇಟ್ಟ ಕೆಂಪು ಕೊನೆಗೆ, ಸಿಹಿ ವೈನ್ ಅದಕ್ಕಿಂತ ಕೊನೆಗೆ. ಬಿಳಿಗಳಲ್ಲಿ ಶೆನಿನ್ ಸಿಹಿ ಉಳಿಸಿ ಮಾಡಿದ್ದಾದರೆ ಅದನ್ನು ಬಿಳಿಗಳ ಕೊನೆಗೆ ತಳ್ಳಿ.

ಸಿಹಿ ಮೊದಲು ಕುಡಿದರೆ ಏನಾಗುತ್ತೆ? ಆಮೇಲೆ ಬರುವ ಡ್ರೈ ವೈನ್ ಬರೀ ಹುಳಿ ಅನಿಸುತ್ತೆ. ನಮ್ಮ ಕಡೆ ವೈನ್ ಅಂದರೆ ಗೋವಾದಿಂದ ತಂದ ಪೋರ್ಟ್ ಅಂತಲೇ ಬಹಳ ಜನರ ಲೆಕ್ಕ. ಆ ಸಿಹಿ ನೆನಪಿಟ್ಟುಕೊಂಡು ಸೊವಿನ್ಯೋ ಬ್ಲಾಂಕ್ ಬಾಯಿಗಿಟ್ಟವರು "ಏನ್ರೀ, ಹುಳಿ ಹತ್ತಿದೆ" ಅಂತ ಗ್ಲಾಸ್ ಕೆಳಗಿಡುತ್ತಾರೆ. ಹಣ್ಣಿನ ವಾಸನೆ ಇರೋದೆಲ್ಲ ಸಿಹಿ ಇರಲ್ಲ. ಮೂಗಿಗೆ ಸೀಬೆಹಣ್ಣು, ಬಾಯಿಗೆ ಹುಳಿ, ಸೊವಿನ್ಯೋ ಬ್ಲಾಂಕ್ ಇರಬೇಕಾದ್ದೇ ಹಾಗೆ.

ಐದು ವೈನ್ ಸಾಕು. ಆರನೆಯದು ಕೊಟ್ಟರೆ ವಾಸನೆ ನೋಡಿ ಬಿಡಿ. ದುಡ್ಡು ಕೊಟ್ಟಿದ್ದೇವೆ ಅಂತ ಎಲ್ಲವನ್ನೂ ಮುಗಿಸೋ ಹಟ ಬೇಡ.

ತಣ್ಣಗಿರೋದು ಎಷ್ಟು ಅನ್ನೋದೂ ಮುಖ್ಯ. ಸ್ಪಾರ್ಕ್ಲಿಂಗ್ 6ರಿಂದ 8 ಡಿಗ್ರಿ, ಬಿಳಿ 8ರಿಂದ 12, ಕೆಂಪು 16ರಿಂದ 18. ಕೆಂಪನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನೋ ಮಾತು ಯೂರೋಪಿನ ಚಳಿ ಮನೆಗೆ ಸರಿ. ಸೋಲಾಪುರದ ಮಾರ್ಚ್ ತಿಂಗಳ ಕೋಣೆ 30 ದಾಟಿರುತ್ತೆ, ಆ ಬಿಸಿಗೆ ಆಲ್ಕೋಹಾಲು ಮಾತ್ರ ಮೂಗಿಗೆ ಹೊಡೆಯುತ್ತೆ. ಗ್ಲಾಸ್ ಬೆಚ್ಚಗಿದ್ದರೆ ಸ್ವಲ್ಪ ತಣ್ಣಗೆ ಮಾಡಿ ಕೊಡಿ ಅಂತ ಕೇಳಿ. ತೀರಾ ತಣ್ಣಗಿದ್ದರೆ ಎರಡೂ ಕೈಯಲ್ಲಿ ಗ್ಲಾಸ್ ಹಿಡಿದು ಎರಡು ನಿಮಿಷ ಕಾಯಿರಿ.

ಹಂತ 7: ಒಂದು ಗ್ಲಾಸ್ ನೋಡುವ ಬಗೆ

ಗ್ಲಾಸಿನ ಕೆಳಗಿನ ಕಡ್ಡಿಯಂಥ ಕಾಲನ್ನು ಹಿಡಿಯಿರಿ. ಬಿಳಿ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಗ್ಲಾಸನ್ನು ಅದರ ಮೇಲೆ ವಾಲಿಸಿ, ಅಂಚಿನ ಬಣ್ಣ ನೋಡಿ. ಎಳೆಯ ಕೆಂಪು ವೈನಿನ ಅಂಚು ನೇರಳೆ ಬಣ್ಣಕ್ಕೆ ತಿರುಗಿರುತ್ತೆ, ವಯಸ್ಸಾದದ್ದು ಇಟ್ಟಿಗೆ ಬಣ್ಣಕ್ಕೆ. ಬಿಳಿ ವೈನ್ ವಯಸ್ಸಾದಂತೆ ಗಾಢ ಹಳದಿಯಾಗುತ್ತೆ. ಗ್ಲಾಸಿನ ಒಳಗೋಡೆಯಲ್ಲಿ ಇಳಿಯೋ ಹನಿಗಳ ಗೆರೆ ನೋಡಿ "ಒಳ್ಳೆ ವೈನ್" ಅನ್ನೋರನ್ನು ನಂಬಬೇಡಿ. ಅದು ಆಲ್ಕೋಹಾಲು, ಸಕ್ಕರೆ ಎಷ್ಟಿದೆ ಅನ್ನೋದನ್ನಷ್ಟೇ ತೋರಿಸುತ್ತೆ.

ಗ್ಲಾಸ್ ಅಲುಗಾಡಿಸದೆ ಒಮ್ಮೆ ಮೂಸಿ. ಆಮೇಲೆ ಮೇಜಿನ ಮೇಲಿಟ್ಟೇ ನಾಲ್ಕು ಸುತ್ತು ತಿರುಗಿಸಿ, ಮತ್ತೆ ಮೂಸಿ. ಎರಡನೇ ಸಲ ವಾಸನೆ ಬಿಚ್ಚಿಕೊಳ್ಳುತ್ತೆ. ಶಿರಾಜ್‌ನಲ್ಲಿ ಕರಿಮೆಣಸು, ಕ್ಯಾಬರ್ನೆಯಲ್ಲಿ ದೊಣ್ಣೆಮೆಣಸಿನಕಾಯಿ, ಸೊವಿನ್ಯೋ ಬ್ಲಾಂಕ್‌ನಲ್ಲಿ ಆಗಷ್ಟೇ ಕೊಯ್ದ ಹುಲ್ಲು ಸಿಗಬಹುದು. ಗೈಡ್ ಹೇಳಿದ ಹಣ್ಣಿನ ಹೆಸರನ್ನೇ ಬರೆದುಕೊಳ್ಳಬೇಡಿ. ನಾವು ಕಂಡೇ ಇರದ ಹಣ್ಣಿನ ಹೆಸರು ಬರೆದರೆ ಮನೆಗೆ ಬಂದು ಏನೂ ನೆನಪಾಗೋದಿಲ್ಲ. ನಿಮಗೆ ಬಾರೆಹಣ್ಣು ನೆನಪಾದರೆ ಬಾರೆಹಣ್ಣು ಅಂತಲೇ ಬರೆಯಿರಿ.

ಈಗ ಒಂದು ಗುಟುಕು. ಕೂಡಲೇ ನುಂಗಬೇಡಿ. ಬಾಯಿ ತುಂಬ ಆಡಿಸಿ, ಐದಾರು ಸೆಕೆಂಡ್ ಇಟ್ಟುಕೊಳ್ಳಿ. ಮೂರು ವಿಷಯ ನೋಡಿ. ಬಾಯಲ್ಲಿ ನೀರೂರಿದರೆ ಅದು ಹುಳಿ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ, ಒಸಡು ಒಣಗಿ ಹಿಡಿದುಕೊಂಡ ಹಾಗಾದರೆ ಅದು ಒಗರು, ಅಲ್ಲಿಯವರು ಟ್ಯಾನಿನ್ ಅಂತಾರೆ. ಗಂಟಲು ಬೆಚ್ಚಗಾದರೆ ಆಲ್ಕೋಹಾಲು. ಈ ಮೂರನ್ನು ಬೇರೆ ಬೇರೆ ಗುರುತಿಸೋಕೆ ಬಂದರೆ ಮೊದಲ ಭೇಟಿಗೆ ಅದೇ ದೊಡ್ಡದು. ಉಗುಳಿದ ಮೇಲೂ ರುಚಿ ಎಷ್ಟು ಹೊತ್ತು ಉಳಿಯಿತು ನೋಡಿ. ಒಳ್ಳೆಯ ವೈನಿನದು ಬೇಗ ಹೋಗೋದಿಲ್ಲ.

ಉಗುಳಿ, ನೀರು ಕುಡಿದು, ರೊಟ್ಟಿಯ ಒಂದು ಚೂರು ಅಗಿದು, ಎರಡು ಸಾಲು ಬರೆದು, ಆಮೇಲೆ ಮುಂದಿನ ಗ್ಲಾಸ್. ಮಧ್ಯೆ ಮಸಾಲೆ ಶೇಂಗಾ, ಚಿಪ್ಸ್ ಬೇಡ.

ವೈನ್ ನಿಜವಾಗಿ ಕೆಟ್ಟಿದೆ ಅನ್ನೋದರ ಗುರುತು

ಹುಳಿ, ಒಗರು ಕೆಟ್ಟದ್ದರ ಗುರುತಲ್ಲ. ಇವನ್ನು ನೋಡಿ: ಒದ್ದೆ ರಟ್ಟು, ಬೂಷ್ಟಿನ ವಾಸನೆ ಬಂದರೆ ಕಾರ್ಕಿನ ದೋಷ. ವಿನಿಗರ್ ಅಥವಾ ಉಗುರುಬಣ್ಣದ ವಾಸನೆ ಮೂಗಿಗೆ ಹೊಡೆದರೆ ಅದು ಹಾಳು. ಎಳೆಯ ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ತಾಗಿದೆ. ಕಾರ್ಕ್ ಮೇಲೆದ್ದು ಕುತ್ತಿಗೆ ಅಂಟಂಟಾಗಿದ್ದರೆ ಬಾಟಲಿ ಬಿಸಿಲು ತಿಂದಿದೆ, ಕೊಳ್ಳಬೇಡಿ.

ತಳದಲ್ಲಿ ಸಣ್ಣ ಹರಳು ಕಂಡರೆ ಹೆದರಬೇಡಿ. ತಣ್ಣಗಾದಾಗ ದ್ರಾಕ್ಷಿಯ ಹುಳಿಯೇ ಹಾಗೆ ಗಟ್ಟಿಯಾಗುತ್ತೆ, ಏನೂ ತೊಂದರೆ ಇಲ್ಲ. ಅನುಮಾನ ಬಂದರೆ ಸಮಾಧಾನವಾಗಿ ಹೇಳಿ, ಬೇರೆ ಬಾಟಲಿಯಿಂದ ಕೇಳಿ.

ಹಂತ 8: ಊಟ ಮಾಡಿ, ಗಾಡಿ ಕೀಲಿ ಬೇರೆಯವರಿಗೆ ಕೊಡಿ

40 ಮಿ.ಲೀ. ಹಾಗೆ ಐದು ವೈನ್ ನುಂಗಿದರೆ 200 ಮಿ.ಲೀ. ಶೇ. 13ರ ಲೆಕ್ಕದಲ್ಲಿ ಅದರಲ್ಲಿ 26 ಮಿ.ಲೀ. ಶುದ್ಧ ಆಲ್ಕೋಹಾಲು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಸಾಧಾರಣ ಮೈಕಟ್ಟಿನವರು ಇಷ್ಟಕ್ಕೇ ಆ ಮಿತಿ ದಾಟಬಹುದು. ಮೊದಲ ಸಲ ಸಿಕ್ಕರೆ 10,000 ರೂಪಾಯಿ ತನಕ ದಂಡ, ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ದಂಡದ ಮಾತು ಹಾಗಿರಲಿ, ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ, ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪ ಇರಲ್ಲ. ಗಾಡಿ ಓಡಿಸೋರು ಯಾರು ಅನ್ನೋದು ಮನೆ ಬಿಡುವಾಗಲೇ ಗೊತ್ತಾಗಬೇಕು. ಅವರು ಮೂಸಲಿ, ಬಾಯಿಗಿಡೋದು ಬೇಡ.

ಊಟಕ್ಕೆ ಈಗ ಎಣಗಾಯಿ, ಹಿಂಡಿ, ಏನು ಬೇಕಾದರೂ ಆಗಬಹುದು. ಜೊತೆಗೆ ಒಂದು ಗ್ಲಾಸ್ ಬೇಕಿದ್ದರೆ ಸ್ವಲ್ಪ ಸಿಹಿ ಇರೋ ಶೆನಿನ್ ತಣ್ಣಗೆ ತೆಗೆದುಕೊಳ್ಳಿ, ಖಾರಕ್ಕೆ ಅದು ಹೊಂದುತ್ತೆ. ಒಗರಿನ ಕ್ಯಾಬರ್ನೆ ಖಾರದ ಊಟಕ್ಕೆ ಒಗ್ಗೋದಿಲ್ಲ.

ಹಂತ 9: ಬಾಟಲಿ ಕೊಳ್ಳೋದು, ಗಡಿ, ಮನೆ

ಊಟ ಆದ ಮೇಲೆ ನೋಟ್‌ಬುಕ್ ತೆರೆದು ಓದಿ, ಆಮೇಲೆ ಕೊಳ್ಳಿ. ಕೊನೆಯ ಗ್ಲಾಸಿನ ಖುಷಿಯಲ್ಲಿ ಕೊಂಡದ್ದು ಮನೆಗೆ ಬಂದು ಬೇರೆ ರುಚಿ ಕೊಡುತ್ತೆ. ಬಿಲ್ಲು ತಪ್ಪದೆ ತೆಗೆದುಕೊಳ್ಳಿ.

ವಿಜಯಪುರ, ಇಂಡಿ, ಆಳಂದ ಕಡೆಯವರು ಇಲ್ಲಿ ನಿಲ್ಲಿ. ಅಬಕಾರಿ ಆಯಾ ರಾಜ್ಯದ್ದು. ಮಹಾರಾಷ್ಟ್ರದಲ್ಲಿ ಸುಂಕ ಕಟ್ಟಿದ ಬಾಟಲಿಯನ್ನು ಪರವಾನಗಿ ಇಲ್ಲದೆ ಕರ್ನಾಟಕಕ್ಕೆ ಒಯ್ದರೆ ಧೂಳಖೇಡದ ಚೆಕ್‌ಪೋಸ್ಟಿನಲ್ಲಿ ಬಿಲ್ಲು ತೋರಿಸಿದರೂ ಕೆಲಸಕ್ಕೆ ಬರೋದಿಲ್ಲ. ಚುನಾವಣೆ ಹೊತ್ತಿನಲ್ಲಂತೂ ಡಿಕ್ಕಿ ತೆಗೆಸಿಯೇ ನೋಡುತ್ತಾರೆ. ಹಿಡಿಸಿದ ವೈನಿನ ಲೇಬಲ್ ಫೋಟೊ ತೆಗೆದುಕೊಂಡು, ಅದೇ ಹೆಸರು ನಿಮ್ಮೂರ ಅಂಗಡಿಯಲ್ಲಿ ಸಿಗುತ್ತಾ ನೋಡೋದು ಸುಲಭದ ದಾರಿ.

ಸೋಲಾಪುರ ಜಿಲ್ಲೆಯವರು ಬಾಟಲಿಯನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲೇ ತನ್ನಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಒಂದೇ ಮಧ್ಯಾಹ್ನಕ್ಕೆ ವೈನ್ ಬೇಯಿಸಿಬಿಡುತ್ತೆ. ಮನೆಯಲ್ಲಿ ಅಡುಗೆಮನೆಯ ಅಟ್ಟ, ಫ್ರಿಜ್ಜಿನ ಮೇಲ್ಭಾಗ ಬೇಡ. ನೆಲಕ್ಕೆ ಹತ್ತಿರ, ಬೆಳಕು ಬೀಳದ ಕಪಾಟು ಆಗಬಹುದು, ಬೇಸಿಗೆಗೆ ಫ್ರಿಜ್ಜೇ ಗತಿ. ಕಾರ್ಕ್ ಇದ್ದದ್ದನ್ನು ಮಲಗಿಸಿ ಇಡಿ, ತಿರುಪು ಮುಚ್ಚಳದ್ದು ನಿಲ್ಲಿಸಿಯೇ ಇರಲಿ. ಕೆಂಪನ್ನು ಕುಡಿಯೋಕೆ ಅರ್ಧ ಗಂಟೆ ಮುಂಚೆ ಫ್ರಿಜ್ಜಿನಿಂದ ಹೊರಗಿಡಿ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು-ನಾಲ್ಕು ದಿನದಲ್ಲಿ ಮುಗಿಸಿ. ವಿನಿಗರ್ ವಾಸನೆ ಶುರುವಾಗಿದ್ದರೆ ಚೆಲ್ಲಿಬಿಡಿ.